ಬುದ್ಧಿಮಾತು ಸಾಲದು, ಕಾರ್ಡ್ ಬೇಕು
ಮಕ್ಕಳ ಫುಟ್‌ಬಾಲ್‌ನಲ್ಲಿ ಫ್ರೀ ಕಿಕ್‌ಗೆ (ಫೌಲ್ ಆದಾಗ ಎದುರು ತಂಡಕ್ಕೆ ಸಿಗುವ ಒದೆತ) ಅಡ್ಡ ನಿಲ್ಲುವವರಿಗೆ ಬುದ್ಧಿ ಹೇಳಿದರೆ ಸಾಕು, ಕಾರ್ಡ್ ಬೇಡ ಎಂದು ಲೇಖನವೊಂದರಲ್ಲಿ ಬಂದ ಮಾತನ್ನು ಒಪ್ಪಲಾರೆ. ಬೆಂಗಳೂರಿನಲ್ಲಿ 13 ವರ್ಷದೊಳಗಿನವರ ಪಂದ್ಯಗಳಿಗೆ ನಾನು ರೆಫರಿ. ಕಳೆದ ತಿಂಗಳು ಎದುರು ತಂಡಕ್ಕೆ ಫ್ರೀ ಕಿಕ್ ಸಿಕ್ಕಾಗ ಹುಡುಗನೊಬ್ಬ ಚೆಂಡಿನಿಂದ ಎರಡೇ ಹೆಜ್ಜೆ ದೂರದಲ್ಲಿ ಕುಳಿತು, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಗೆರೆಯಾಚೆಯಿಂದ ಅವನ ಕೋಚ್ ‘ನಿಧಾನ, ನಿಧಾನ’ ಎನ್ನುತ್ತಿದ್ದರು! ಹುಡುಗನಿಗೆ ಹಳದಿ ಕಾರ್ಡ್ ತೋರಿಸಿದೆ. ಎದುರಾಳಿಗಳು 9.15 ಮೀಟರ್ ಹಿಂದೆ ಸರಿಯಬೇಕೆಂಬ ನಿಯಮ ಇರುವುದೇ ಫೌಲ್‌ನಿಂದ ನಷ್ಟವಾದ ತಂಡಕ್ಕಾಗಿ. ಪ್ರತಿ ಸಲವೂ ಬರೀ ಗದರಿಸಿ ಬಿಟ್ಟರೆ ಆ ಮಕ್ಕಳಿಗೆ ಎರಡನೆಯ ಬಾರಿ ಅನ್ಯಾಯ. ಕೋಚ್‌ಗಳಿಗೂ ಕಾರ್ಡ್ ತೋರಿಸುವ ಅಧಿಕಾರ 2019ರಿಂದ ನಿಯಮದಲ್ಲೇ ಇದೆ. ಅಂದು ಅದನ್ನು ಬಳಸದೆ ಬಿಟ್ಟದ್ದಕ್ಕೆ ನನಗೆ ಈಗಲೂ ಬೇಸರವಿದೆ.