ಎಲ್ಲರಿಗೂ ಒಂದೇ ಅಪಾಯವಲ್ಲ
ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನ್ ಮಾತ್ರೆ ಜೀನ್‌ಗಳನ್ನೇ ಕೆಡಿಸುತ್ತದೆ ಎಂದು ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದನ್ನು ಓದಿ ಮಂಡ್ಯದ ನಮ್ಮ ಅತ್ತಿಗೆ ಮಾತ್ರೆ ಬಿಡಲು ಹೊರಟಿದ್ದಾರೆ. ಮಾತ್ರೆ ಶುರುಮಾಡುವ ಮೊದಲು ನಡುರಾತ್ರಿ ರವಿಕೆಯೆಲ್ಲ ಬೆವರಿ ಒದ್ದೆಯಾಗಿ, ಫ್ಯಾನ್ ಕೆಳಗೆ ಎದ್ದು ಕೂರುತ್ತಿದ್ದವರು ಅವರು.

ಅಮೆರಿಕದ ದೊಡ್ಡ ಅಧ್ಯಯನದ 2002ರ ವರದಿಯಲ್ಲಿ, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ತೆಗೆದುಕೊಂಡ 10,000 ಹೆಂಗಸರಲ್ಲಿ, ತೆಗೆದುಕೊಳ್ಳದವರಿಗಿಂತ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡವು, ನಿಜ. ಆದರೆ ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಅದು ಹೆಚ್ಚಲಿಲ್ಲ. ಅತ್ತಿಗೆಯೂ ಇದೇ ಗುಂಪಿನವರು. ಕ್ಯಾನ್ಸರ್ ತಡೆಯಲು ನೆರವಾಗುವ ಬಿಆರ್‌ಸಿಎ ಎಂಬ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷ ಇರುವುದು ಬೇರೆ ಮಾತು, ಅದು ಮಾತ್ರೆಯಿಂದ ಬಂದದ್ದಲ್ಲ. ಅಮ್ಮನಿಗೋ ಅಕ್ಕತಂಗಿಯರಿಗೋ ಸ್ತನ, ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಡಾಕ್ಟರಿಗೆ ಮೊದಲೇ ಹೇಳಬೇಕು. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ. ಸುಮ್ನೆ ಹೆದರಿಸಬೇಡಿ.