ಇಗ್ನೈಟರ್ ಕೈಕೊಟ್ಟ ಭಾನುವಾರ

ವಾರ ಪೂರ್ತಿ ಕಾದು ಬೆಳಗ್ಗೆ 6ಕ್ಕೇ ಮಗನ್ನ ಎಬ್ಬಿಸ್ಕೊಂಡು ದಾವಣಗೆರೆ ಹೈಸ್ಕೂಲ್ ಮೈದಾನಕ್ಕೆ ನೈಟ್ರೋ ಕಾರು (ಮೆಥನಾಲ್ ಇಂಧನದಾಗೆ ಓಡೋ ರಿಮೋಟ್ ಆಟಿಕೆ ಕಾರು) ತಗೊಂಡು ಹೋದ್ರೆ ಇಂಜಿನ್ ಸ್ಟಾರ್ಟೇ ಆಗವಲ್ದು ನೋಡ್ರಿ, ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದೋತು. ಕೊನಿಗೆ ಇಂಜಿನ್ನಿನ ಗ್ಲೋ ಪ್ಲಗ್ ಬಿಚ್ಚಿ, ಅದನ್ನ ಕಾಯಿಸೋ ಬ್ಯಾಟರಿ ಸಾಧನ ಇಗ್ನೈಟರ್‌ಗೆ ಸಿಗಿಸಿ ನೋಡಿದೆ, ಪ್ಲಗ್ಗಿನ ತಂತಿ ಸುರುಳಿ (ಕಾಯಿಲ್) ಮಬ್ಬು ಕೆಂಪು ಅಷ್ಟೇ, ಕಿತ್ತಳೆ ಬಣ್ಣಕ್ಕೆ ಬರ್ತಾನೇ ಇಲ್ಲ. ರಾತ್ರಿ ಚಾರ್ಜಿಗೆ ಹಾಕಿದ್ದೆ ರೀ! ಒಳಗಿರೋದು ಒಂದೇ ಒಂದು 1.2 ವೋಲ್ಟಿನ ಸೆಲ್ಲು, ಅದು ಸೊರಗಿದ್ರೆ ಮುಗೀತು. ಇಂಜಿನ್ ಒಮ್ಮೆ ಓಡಾಕ ಶುರುವಾದ್ರೆ ಮೆಥನಾಲ್ ಪ್ಲಾಟಿನಂ ತಂತಿಗೆ ತಾಗಿ ಆ ಕಾವು ತಾನೇ ಉಳಿತೈತಿ, ಇಗ್ನೈಟರ್ ತೆಗೀಬೋದು, ಆದ್ರೆ ಮೊದ್ಲು ಕೆಂಡ ಆಗ್ಬೇಕಲ್ಲ! ಅದಿಲ್ದೆ ಎಳೆದಷ್ಟೂ ಇಂಧನ ಒಳಗೆ ತುಂಬಿ ಪಿಸ್ಟನ್ ಬಿಗಿ ಹಿಡಿತೈತಿ, ಜೋರು ಮಾಡಿದ್ರೆ ಕನೆಕ್ಟಿಂಗ್ ರಾಡ್ ಹಾಳು. ಮತ್ತೆ ಪ್ಲಗ್ ಬಿಚ್ಚು, ಕಾರು ಬೋರಲು ಹಾಕು, ಎಳೆದು ಹೊರಗೆ ಚೆಲ್ಲು. ಅಷ್ಟು ದುಬಾರಿ ಇಂಧನ ಮಣ್ಣುಪಾಲು, ಹೊಟ್ಟೆ ಉರಿತೈತಿ. ಚಾರ್ಜ್ ಎಷ್ಟೈತಿ ಅಂತ ತೋರ್ಸೋ ಮೀಟರ್ ಇರೋ ಇಗ್ನೈಟರ್ ಬರ್ತಾವೆ, ಅಂಗಡಿಯವ್ರು ಒಂದ್ಮಾತು ಹೇಳಬಾರದಿತ್ತಾ? ಅಷ್ಟೊತ್ತಿಗೆ ಬಿಸಿಲೇರಿ ಕ್ರಿಕೆಟ್ ಹುಡುಗ್ರು ಬಂದು ಸ್ಟಂಪ್ ನೆಟ್ರು. ಮಗ ಮನೆ ತನಕ ಮಾತೇ ಆಡ್ಲಿಲ್ಲ.