ಪರ-ವಿರೋಧ: ಬರ್ಕ್ಲಿಯವರು ಚಿಪ್ ತಂತ್ರಾಂಶವನ್ನು ಪುಕ್ಕಟೆ ಹಂಚಿದ್ದು ಒಳ್ಳೆಯದಾಯಿತೇ?

ಪರ: ಕೋಡ್ ಕೊಟ್ಟರು, ಅದಕ್ಕೇ ಬೆಳೆಯಿತು

ಚಿಪ್ ಮಾಡಿಸುವ ಮೊದಲೇ ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬೋರ್ಡ್ ಮೇಲೆ ಬಿಡಿ ಟ್ರಾನ್ಸಿಸ್ಟರ್ ಜೋಡಿಸಿ ನೋಡಿದರೆ ಸಾಲದು. ಸಿಲಿಕಾನ್ ಒಳಗೆ ಅವುಗಳ ನಡತೆಯೇ ಬೇರೆ. ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ ಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಮೇಷ್ಟ್ರು ಈ ಕೆಲಸವನ್ನು ತಮ್ಮ ಕ್ಲಾಸಿನ ಹುಡುಗರಿಗೇ ಹಚ್ಚಿದರು. ಹುಟ್ಟಿದ ಪ್ರೋಗ್ರಾಂನ ಹೆಸರು ಕ್ಯಾನ್ಸರ್! ಆ ಹೆಸರಿನ ಕೊನೆಗೆ ‘ವಿಕಿರಣ ಬಿಟ್ಟು’ ಅನ್ನುವ ಅರ್ಥ ಅಡಗಿತ್ತು. ಆಗ ಇಂಥ ಕೆಲಸಕ್ಕೆ ಸೇನೆಯ ಹಣ ಬರುತ್ತಿತ್ತು, ಸೇನೆಗೆ ವಿಕಿರಣದ ಲೆಕ್ಕ ಬೇಕಿತ್ತು. ಹುಡುಗರು ಅದೊಂದು ಬೇಡ ಅಂದರು.

ಆ ಹುಡುಗರಲ್ಲಿ ಲ್ಯಾರಿ ನೇಗೆಲ್ ಒಬ್ಬರು. ರೋರರ್ ಹೋದ ಮೇಲೆ ಅವರು ಡೊನಾಲ್ಡ್ ಪೆಡರ್ಸನ್ ಅವರ ಶಿಷ್ಯರಾದರು. ಕ್ಯಾನ್ಸರ್ ಯಾರಿಗೆ ಬೇಕಾದರೂ ಕೊಡುವಂತಿರಲಿಲ್ಲ. ಪೆಡರ್ಸನ್ ಹಟ ಹಿಡಿದರು. ಆ ತಡೆ ಹೋಗುವಷ್ಟು ಹೊಸದಾಗಿ ಬರೆಯಬೇಕು, ಬರೆದದ್ದು ಎಲ್ಲರದ್ದಾಗಬೇಕು. 1973ರಲ್ಲಿ ಹೀಗೆ ಹೊಸದಾಗಿ ಬರೆದ ಸ್ಪೈಸ್ ಎಂಬ ಪ್ರೋಗ್ರಾಂ ಬಂತು, 1975ರಲ್ಲಿ ಸ್ಪೈಸ್2. ಕೇಳಿದವರಿಗೆ ಟೇಪ್ ಹೋಯಿತು, ಮೂಲ ಕೋಡ್ ಸಮೇತ. ಓದು ಮುಗಿಸಿದ ಹುಡುಗರು ಕೆಲಸಕ್ಕೆ ಸೇರಿದ ಕಡೆಗೆಲ್ಲ ಅದನ್ನೂ ಒಯ್ದರು.

ಮೂಲ ಕೋಡ್ ಸಮೇತ. ನಾನು ಇಪ್ಪತ್ತು ವರ್ಷ ಪಾಠ ಮಾಡಿದವನು, ಇದರ ಬೆಲೆ ನನಗೆ ಗೊತ್ತು. ಗುಂಡಿ ಒತ್ತಿ ಉತ್ತರ ನೋಡುವ ಹುಡುಗ ಗುಂಡಿ ಒತ್ತುವುದನ್ನು ಕಲಿಯುತ್ತಾನೆ. ಒಳಗೆ ಇಣುಕಿದವನು ವಿಷಯ ಕಲಿಯುತ್ತಾನೆ.

ಹಂಚಿಕೆ ಸ್ಪೈಸ್‌ಗೇ ನಿಲ್ಲಲಿಲ್ಲ. 1979ರಲ್ಲಿ ಲಿನ್ ಕಾನ್ವೇ ಮತ್ತು ಜೊತೆಗಾರರು ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾಲಯದಲ್ಲಿ ಕೂತು 12 ವಿಶ್ವವಿದ್ಯಾಲಯಗಳ 82 ಚಿಪ್ ವಿನ್ಯಾಸಗಳನ್ನು ಇಂಟರ್‌ನೆಟ್‌ನ ಹಿರಿಯಣ್ಣ ಅರ್ಪಾನೆಟ್ ಮೂಲಕ ತರಿಸಿಕೊಂಡರು. ಕ್ಯಾಲ್ಟೆಕ್‌ನವರು ರೂಪಿಸಿದ, ಚಿಪ್ ನಕ್ಷೆಯನ್ನು ಬರೆದು ಕಳಿಸುವ ಸಿಐಎಫ್ ಎಂಬ ರೀತಿಯನ್ನು ಎಲ್ಲರೂ ಒಪ್ಪಿಕೊಂಡಿದ್ದರು, ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಒಂದೇ ವೇಫರ್, ಅಂದರೆ ಸಿಲಿಕಾನ್ ಬಿಲ್ಲೆಯ ಮೇಲೆ ಹಲವರ ಚಿಪ್‌ಗಳು. ಎಚ್‌ಪಿಯವರು ತಯಾರಿಸಿ ಕೊಟ್ಟರು. 29 ದಿನದಲ್ಲಿ ವಿದ್ಯಾರ್ಥಿಗಳಿಗೆ ಚಿಪ್ ವಾಪಸ್! ಮುಂದೆ 1981ರಲ್ಲಿ ಇದೇ ಮಾದರಿ ಮೋಸಿಸ್ ಎಂಬ ಕಾಯಂ ವ್ಯವಸ್ಥೆಯಾಯಿತು. ಬರ್ಕ್ಲಿಯ ವಿದ್ಯಾರ್ಥಿಗಳು ರಿಸ್ಕ್-1 ಪ್ರೊಸೆಸರ್ ಮಾಡಿದರು. ಅದರಲ್ಲಿ ಸುಮಾರು 44,000 ಟ್ರಾನ್ಸಿಸ್ಟರ್. ಅದರ ನಕ್ಷೆ ಬಿಡಿಸಿದ್ದು ಅಲ್ಲಿನವರೇ ಬರೆದ ಸೀಸರ್ ಎಂಬ ಪ್ರೋಗ್ರಾಂನಲ್ಲಿ. ಸೀಸರ್ ನಂತರ ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಅಂಥದೇ ಮ್ಯಾಜಿಕ್ ಬರೆದರು. ಅದನ್ನೂ ಹಂಚಿದರು. ಇವತ್ತಿಗೂ ಅದು ಬಳಕೆಯಲ್ಲಿದೆ.

ಕಂಪನಿಗಳು ಸ್ಪೈಸನ್ನು ತಗೊಂಡು ತಿದ್ದಿ ಮಾರಿದವು ಅಂತ ಕೆಲವರ ತಕರಾರು. ಅವರ ಪ್ರಕಾರ ಕೆರೆ ಕಟ್ಟಿಸುವುದೇ ತಪ್ಪು, ಯಾಕೆಂದರೆ ಟ್ಯಾಂಕರ್‌ನವನು ನೀರು ತುಂಬಿಕೊಳ್ಳುತ್ತಾನೆ. ಇದಕ್ಕೆ ಏನು ಉತ್ತರ ಕೊಡುವುದು? ಕೆರೆಯ ನೀರೇನೂ ಬತ್ತಲಿಲ್ಲವಲ್ಲ. ಇವತ್ತು ಯಾವ ಇಂಜಿನಿಯರಿಂಗ್ ಕಾಲೇಜಿನ ಹುಡುಗನಾದರೂ ಸ್ಪೈಸ್‌ನ ಇಂದಿನ ರೂಪವಾದ ಎನ್‌ಜಿಸ್ಪೈಸ್ ಹಾಕಿಕೊಳ್ಳಬಹುದು, ಒಂದು ಪೈಸೆ ಇಲ್ಲದೆ, ಮೂಲ ಕೋಡ್ ಸಮೇತ.

ವಿರೋಧ: ಒಂದು ‘ಎಂ’ ಕಥೆ

ವಿರೋಧದ ಕಡೆ ಯಾರೂ ಸಿಗಲಿಲ್ಲವಂತೆ, ನನಗೆ ಹೇಳಿದರು. ನಾನು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದೇನೆ. ಸ್ಪೈಸ್‌ನ ಮಕ್ಕಳು ಮೊಮ್ಮಕ್ಕಳೇ ನನ್ನ ಅನ್ನ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ವಾ.

ಮೊದಲನೆಯದು, ‘ಎಲ್ಲರಿಗೂ’ ಅನ್ನುವ ಮಾತು. ಟೇಪ್ ಪುಕ್ಕಟೆ ಸರಿ, ಟೇಪ್ ಓದುವ ದೊಡ್ಡ ಕಂಪ್ಯೂಟರ್ ಪುಕ್ಕಟೆಯೇ? 1979ರ ಆ 12 ವಿಶ್ವವಿದ್ಯಾಲಯಗಳು ಹೆಚ್ಚೂಕಡಿಮೆ ಎಲ್ಲ ಅಮೆರಿಕದವು. ಉಳ್ಳವರು ಉಳ್ಳವರಿಗೆ ಕೊಟ್ಟರು. ಇದು ಸ್ವಲ್ಪ ಕಟುವಾಯಿತು, ಇರಲಿ.

ಎರಡನೆಯದು, ಪುಕ್ಕಟೆ ಕೊಟ್ಟಿದ್ದಕ್ಕೆ ಯಾರೂ ಜವಾಬ್ದಾರರಲ್ಲ. ಬರೆದ ಹುಡುಗ ಡಿಗ್ರಿ ತಗೊಂಡು ಹೊರಟ. ಆಮೇಲೆ ಯಾರನ್ನು ಕೇಳುವುದು? ತಂತ್ರಾಂಶದ ಜೊತೆ ಅದರ ತರಲೆಗಳೂ ಹಂಚಿಕೆಯಾಗುತ್ತವೆ. ಇದು ನನಗೆ ಸ್ವಂತ ಅನುಭವದಿಂದ ಗೊತ್ತು.

ಕಾಲೇಜಿನ ಕೊನೆಯ ವರ್ಷ. ಒಂದು ಆಂಪ್ಲಿಫೈಯರ್ ಪ್ರಾಜೆಕ್ಟ್. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಮೆಗಾಓಮ್ ರೆಸಿಸ್ಟರ್ ಕೊಟ್ಟಿದ್ದೆ. ಮೆಗಾಕ್ಕೆ ದೊಡ್ಡ ಎಂ ಅಂತ ಎಂಟನೇ ಕ್ಲಾಸಿನಿಂದ ಕಲಿತದ್ದು, ಹಾಗೇ ಸ್ಪೈಸ್‌ನಲ್ಲಿ ಟೈಪ್ ಮಾಡಿದೆ. ಓಡಿಸಿದರೆ ಆಂಪ್ಲಿಫೈಯರ್ ಏನನ್ನೂ ದೊಡ್ಡದು ಮಾಡುತ್ತಿಲ್ಲ. ಹೋದಷ್ಟೇ ಬರುತ್ತಿದೆ. ಟ್ರಾನ್ಸಿಸ್ಟರ್ ಬದಲಿಸಿದೆ. ಮಾಡೆಲ್ ಬದಲಿಸಿದೆ. ಜೊತೆಗಾರನ ಮೇಲೆ ರೇಗಿದೆ. ಎರಡು ರಾತ್ರಿ ಹೋಯಿತು. ಮೂರನೇ ದಿನ ಲ್ಯಾಬಿನ ಅಸಿಸ್ಟೆಂಟ್ ಒಬ್ಬರು ಟೀ ಹಿಡಿದುಕೊಂಡೇ ಬಂದು ನೋಡಿ, ‘ಇದಕ್ಕೆ ಎಂ ಅಂದ್ರೆ ಮಿಲಿ ಕಣೋ, ಮೆಗಾ ಬೇಕಾದ್ರೆ ಎಂಇಜಿ ಅಂತ ಹಾಕ್ಬೇಕು’ ಅಂದರು.

ನೂರು ಕೋಟಿ ಪಟ್ಟು ವ್ಯತ್ಯಾಸ! ನಾನು ಹಾಕಿದ್ದು ರೆಸಿಸ್ಟರ್ ಅಲ್ಲ, ತಂತಿ. ಕಾರಣ ಕೇಳಿದರೆ ನಗು ಬರುತ್ತದೆ. ಪಂಚ್ ಕಾರ್ಡ್ ಕಾಲದಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದರು. ಚಿಕ್ಕ ಎಂ, ದೊಡ್ಡ ಎಂ ಅನ್ನುವ ಭೇದವೇ ಇರಲಿಲ್ಲ. ಹಾಗಾಗಿ ಎಂ ಮಿಲಿಯ ಪಾಲಾಯಿತು. ಅಷ್ಟೊತ್ತಿಗೆ ಸ್ಪೈಸ್ ಎಲ್ಲೆಲ್ಲೂ ಹಬ್ಬಿತ್ತು, ಬದಲಿಸಿದರೆ ಹಳೆಯ ಫೈಲುಗಳೆಲ್ಲ ಕೆಡುತ್ತವೆ. ಹಂಚದೇ ಇದ್ದಿದ್ದರೆ ಬರ್ಕ್ಲಿಯ ಒಂದು ಕೋಣೆಯಲ್ಲೇ ಸರಿಮಾಡಿಬಿಡುತ್ತಿದ್ದರು.

ಕಳೆದ ತಿಂಗಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಬಂದು, ‘ಸರ್, ಗೇನ್ ಬರ್ತಾನೇ ಇಲ್ಲ’ ಅಂದಳು, ಅಂದರೆ ಸಿಗ್ನಲ್ ದೊಡ್ಡದಾಗುತ್ತಿಲ್ಲ ಅಂತ. ನಾನು ಬೇರೇನೂ ಕೇಳಲಿಲ್ಲ, ನೇರ ರೆಸಿಸ್ಟರ್ ಸಾಲಿಗೆ ಹೋದೆ. ಅದೇ ಎಂ. ಅದು ಲಕ್ಷಗಟ್ಟಲೆ ಕೊಟ್ಟು ತಂದ ತಂತ್ರಾಂಶ. ಇದು ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಲ್ಲ, ಗೊತ್ತು.